ಒಂಬತ್ತು ಅಡುಗೆಮನೆ

ತೊಟ್ಟಿ ಮನೆಗಳೊಳಗಿನ ಬೆಳಕು ನನ್ನ ಪಿಎಚ್.ಡಿ. ವಿಷಯ. ಮಂಡ್ಯದ ಕಡೆಯ ಒಂಬತ್ತು ಮನೆಗಳ ಅಡುಗೆಮನೆಯಲ್ಲಿ ಲಕ್ಸ್ ಮೀಟರ್ ಹಿಡಿದು ಅಳೆದಿದ್ದೇನೆ. ಅದರಲ್ಲೊಂದು ನಮ್ಮಜ್ಜಿಯ ಮನೆ.

ಲೆಕ್ಕ ಮಾಡಿದ್ದು ಗ್ರಾಸ್‌ಹಾಪರ್‌ನಲ್ಲಿ. ರೈನೋ ತಂತ್ರಾಂಶಕ್ಕಾಗಿ ಡೇವಿಡ್ ರಟ್ಟನ್ 2007ರಲ್ಲಿ ಹೊರತಂದದ್ದು ಇದು. ಇಲ್ಲಿ ಸಾಲುಸಾಲು ಕೋಡ್ ಬರೆಯುವ ಬದಲು ಪೆಟ್ಟಿಗೆಗಳನ್ನಿಟ್ಟು ವೈರ್ ಎಳೆಯುತ್ತೇವೆ. ಸಿದ್ಧ ಪೆಟ್ಟಿಗೆಗಳು ಸಾಲದಿದ್ದಾಗ ಪೈಥಾನ್ ಪೆಟ್ಟಿಗೆ ಇದೆ. ಎಡಕ್ಕೆ ಎಕ್ಸ್, ವೈ ಎಂಬ ಬಾಗಿಲು, ಬಲಕ್ಕೆ ಎ ಎಂಬ ಬಾಗಿಲು. ಒಳಗೆ ಏನು ಬೇಕಾದರೂ ಬರೆದುಕೊಳ್ಳಿ. ಆದರೆ ಮಾಹಿತಿ ಹೇಗೆ ಒಳಬರುತ್ತದೆ ಎಂಬುದು ಕೋಡಿನಲ್ಲಿಲ್ಲ, ಬಾಗಿಲಲ್ಲಿದೆ. ಎಕ್ಸ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಐಟಂ, ಲಿಸ್ಟ್, ಟ್ರೀ ಎಂಬ ಮೂರು ಆಯ್ಕೆ. ಐಟಂ ಎಂದರೆ ಒಂದೊಂದೇ ಅಂಕಿ ಒಳಹೋಗುತ್ತದೆ, ಪ್ರತಿ ಅಂಕಿಗೂ ಸ್ಕ್ರಿಪ್ಟ್ ಮತ್ತೆ ಮೊದಲಿನಿಂದ ಓಡುತ್ತದೆ. ಲಿಸ್ಟ್ ಎಂದರೆ ಒಂದು ಕೊಂಬೆಯ ಅಂಕಿಗಳೆಲ್ಲ ಒಟ್ಟಿಗೆ. ಟ್ರೀ ಎಂದರೆ ಇಡೀ ಮರ. ನನ್ನ ಮರದಲ್ಲಿ ಒಂಬತ್ತು ಕೊಂಬೆ, ಮನೆಗೊಂದು.

ಮೊದಲ ಸಲ ಐಟಂ ಇತ್ತು. ಸರಾಸರಿ ಕೇಳಿದರೆ ಕೊಟ್ಟ ಅಂಕಿಗಳೇ ವಾಪಸ್ ಬಂದವು. ಒಂದೇ ಅಂಕಿಯ ಸರಾಸರಿ ಅದೇ ಅಲ್ಲವೇ! ತಪ್ಪು ಸಂದೇಶವೇನೂ ಬರಲಿಲ್ಲ, ಪೆಟ್ಟಿಗೆ ಕೆಂಪಾಗಲೂ ಇಲ್ಲ. ಲಿಸ್ಟ್ ಎಂದು ಬದಲಿಸಿದೆ. ಆಗಲೇ ಸರಿಹೋಗಿತ್ತೇನೋ. ಆದರೆ ಸುಸ್ತಾಗಿತ್ತು, ಇರಲಿ ಎಂದು ಫ್ಲ್ಯಾಟನ್ ಕೂಡ ಒತ್ತಿದೆ. ಕೊಂಬೆಗಳೆಲ್ಲ ಕಳಚಿ ಒಂದೇ ಪಟ್ಟಿಯಾದವು. ಒಂದೇ ಉತ್ತರ ಬಂತು, ಚೆಂದದ ಉತ್ತರ. 'ಈ ಅಡುಗೆಮನೆಗಳಲ್ಲಿ ಹಗಲಿನ ಬೆಳಕು ಸಾಕಷ್ಟಿದೆ' ಎಂದು ಅಧ್ಯಾಯದಲ್ಲಿ ಬರೆದು ಗೈಡ್‌ಗೆ ಕಳಿಸಿಯೂ ಬಿಟ್ಟೆ.

ಆ ಭಾನುವಾರ ಊರಿಗೆ ಹೋದೆ. ಮಟಮಟ ಮಧ್ಯಾಹ್ನ ಅಜ್ಜಿ ಮೊರ ಹಿಡಿದು ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿತ್ತು. ಒಳಗೇ ಕೂರಬಹುದಲ್ಲ ಎಂದೆ.

"ಒಳ್ಗೆ ಕಲ್ಲೂ ಕಾಣಾಕಿಲ್ಲ, ಅಕ್ಕೀನೂ ಕಾಣಾಕಿಲ್ಲ ಕಣವ್ವ."

ಚಿಕ್ಕಂದಿನಿಂದ ಅಜ್ಜಿಯನ್ನು ನೋಡಿದ್ದೇ ಆ ಜಗಲಿಯಲ್ಲಿ. ಅಲ್ಲೇ ಲ್ಯಾಪ್‌ಟಾಪ್ ತೆರೆದು ಫ್ಲ್ಯಾಟನ್ ತೆಗೆದೆ. ಸ್ಕ್ರಿಪ್ಟ್ ಈಗ ಕೊಂಬೆಗೊಂದು ಸಲದಂತೆ ಒಂಬತ್ತು ಸಲ ಓಡಿತು. ಒಂಬತ್ತು ಉತ್ತರಗಳು ತಂತಮ್ಮ ಮನೆಯ ಗುರುತಿನೊಂದಿಗೇ ಎ ಬಾಗಿಲಿಂದ ಹೊರಬಂದವು. ಅಜ್ಜಿಯ ಮನೆಯದು ಎಲ್ಲಕ್ಕಿಂತ ಕಡಿಮೆ. ಎರಡು ದೊಡ್ಡ ಮನೆಗಳ ಬೆಳಕು ಉಳಿದ ಏಳರ ಕತ್ತಲೆಯನ್ನು ಮುಚ್ಚಿಬಿಟ್ಟಿತ್ತು.

ಕೋಡಿನ ಒಂದಕ್ಷರವನ್ನೂ ನಾನು ಬದಲಿಸಿರಲಿಲ್ಲ.

ಆ ವಾಕ್ಯ ತೆಗೆದು ಒಂಬತ್ತು ಸಾಲಿನ ಕೋಷ್ಟಕ ಹಾಕಿದೆ. ತಪ್ಪು ನನ್ನದೇ ಎಂದು ಗೈಡ್‌ಗೆ ರಾತ್ರಿಯೇ ಮೇಲ್ ಮಾಡಿದೆ. ಅಧ್ಯಾಯದ ಅರ್ಧಭಾಗ ಮತ್ತೆ ಬರೆಯಬೇಕಂತೆ. ಅಜ್ಜಿ ಮೊರ ಕೊಟ್ಟು, ನಿನ್ನ ಕಣ್ಣು ಚುರುಕು, ಇದನ್ನೊಂದಿಷ್ಟು ನೋಡು ಎಂದಿತು.