ದಣಿದ ಕಾಯ ಮತ್ತು ಕಾಯಕ

ಕಾಯಕವೆಂಬ ಪದದೊಳಗೇ ಕಾಯವಿದೆ. ದುಡಿಯುವ ಈ ಕಾಯಕ್ಕೆ ಹಸಿವು, ನಿದ್ರೆ, ಬಳಲಿಕೆಗಳುಂಟು. ಆಸ್ಪತ್ರೆಯ ಸೇವೆಯನ್ನು ಕೊಂಡಾಡುವಾಗ ಮಾತ್ರ ಈ ಸಂಗತಿ ಮರೆತುಹೋಗುತ್ತದೆ. ವೈದ್ಯರನ್ನು, ದಾದಿಯರನ್ನು ದೇವರೆಂದು ಕರೆದು, ದೇವರಿಗೆ ನಿದ್ರೆಯೇಕೆ ಎಂಬಂತೆ ನಡೆದುಕೊಳ್ಳುವುದು ಲೋಕದ ರೂಢಿಯಾಗಿದೆ.

ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಈ ಬಗೆಯ ಬಳಲಿಕೆಯನ್ನು 'ಬರ್ನ್‌ಔಟ್' ಎಂದು ಕರೆದರು. ಉರಿದು ಬರಿದಾಗುವುದೆಂದು ಅದರ ಭಾವ. ಅವರು ಇದನ್ನು ಕಂಡದ್ದು ಸೋಮಾರಿಗಳಲ್ಲಿ ಅಲ್ಲ, ಉಚಿತ ಚಿಕಿತ್ಸಾಲಯದಲ್ಲಿ ಸ್ವಇಚ್ಛೆಯಿಂದ ದುಡಿಯುತ್ತಿದ್ದವರಲ್ಲಿ ಎಂಬುದನ್ನು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಪಟ್ಟಿಯೂ ಇದನ್ನು ರೋಗವೆನ್ನದೆ, ದುಡಿಮೆಯ ಸ್ಥಳದ ನಿರಂತರ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದೇ ಹೇಳುತ್ತದೆ. ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಆಗದೆಂಬ ಭಾವ ಬಲಿಯುವುದು ಇದರ ಲಕ್ಷಣಗಳು. ಎರಡನೆಯದು ಬಹು ಸೂಕ್ಷ್ಮವಾದುದು. ರೋಗಿಯ ಹೆಸರು ಮರೆಯಾಗಿ ಮಂಚದ ಸಂಖ್ಯೆಯಷ್ಟೇ ನಾಲಗೆಯ ಮೇಲುಳಿಯುತ್ತದೆ. ಕಂಡವರು ಅದನ್ನು ಅಹಂಕಾರವೆನ್ನುತ್ತಾರೆ. ಕರುಣೆಯಿಂದಲೇ ಈ ವೃತ್ತಿಗೆ ಬಂದವಳು ತನ್ನ ಎದೆ ಒಣಗಿತೇಕೆಂದು ಒಳಗೊಳಗೇ ನಾಚುತ್ತಾಳೆ.

ನಮ್ಮ ದೇಶದಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ನಿವಾಸಿ ವೈದ್ಯರ ನಿರಂತರ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲಿಯೇ ಸೂಚಿಸಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆಗಳ ಮಿತಿಯನ್ನೂ ಒಂದು ದಿನದ ರಜೆಯನ್ನೂ ಶಿಫಾರಸು ಮಾಡಿತು. ಮೂವತ್ತೆರಡು ವರ್ಷಗಳ ಬಳಿಕವೂ ವಾರದ ರಜೆಯನ್ನು ಕೇಳಿಯೇ ಪಡೆಯಬೇಕಾದ ಸ್ಥಿತಿಯೆಂಬುದೇ ಇದರಿಂದ ವಿದಿತವಾಗುತ್ತದೆ. ಆಶಾ ಕಾರ್ಯಕರ್ತೆಯರಿಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಗೌರವ ಸಂದಿತು. 2025ರ ಜನವರಿಯಲ್ಲಿ ಕರ್ನಾಟಕದ ಆಶಾ ತಾಯಂದಿರು ಗೌರವಧನದ ಹೆಚ್ಚಳಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತರು. ಹೊಗಳಿಕೆ ಕೂಲಿಯ ಸ್ಥಾನವನ್ನು ತುಂಬಲಾರದು.

ಪರಿಹಾರವೆಂದೊಡನೆ ಧ್ಯಾನ ಶಿಬಿರ ಏರ್ಪಡಿಸುವವರಿದ್ದಾರೆ. ಧ್ಯಾನ ಒಳಿತೇ. ಆದರೆ ರಾತ್ರಿಪಾಳಿ ಮುಗಿಸಿದವರನ್ನು ಬೆಳಗಿನ ಶಿಬಿರಕ್ಕೆ ಕೂರಿಸಿದರೆ ಅದು ಇನ್ನೊಂದು ಪಾಳಿಯೇ ಸರಿ! ಮೊದಲು ಬೇಕಾದುದು ಸಾಕಷ್ಟು ಕೈಗಳು, ಮುಂಚಿತವಾಗಿ ತಿಳಿಸಿದ ಪಾಳಿಪಟ್ಟಿ, ಊಟಕ್ಕೆ ಎದ್ದಾಗ ವಾರ್ಡು ನೋಡಿಕೊಳ್ಳುವ ಮತ್ತೊಬ್ಬರು.

ಮನದ ಭಾರಕ್ಕೂ ಒಂದು ದಾರಿಯುಂಟು. ಬಾಸ್ಟನ್ನಿನ ವಕೀಲ ಕೆನೆತ್ ಶ್ವಾರ್ಟ್ಸ್ ಶ್ವಾಸಕೋಶದ ಕ್ಯಾನ್ಸರಿನಿಂದ 1995ರಲ್ಲಿ ತೀರಿಕೊಂಡರು. ತಮ್ಮನ್ನು ಆರೈಕೆ ಮಾಡಿದವರ ಕರುಣೆಯನ್ನು ಅವರು ಬರೆದಿಟ್ಟಿದ್ದರು. ಅವರ ಹೆಸರಿನ ಕೇಂದ್ರವು ಆರಂಭಿಸಿದ ಸಭೆಗಳಲ್ಲಿ ವೈದ್ಯರು, ದಾದಿಯರು, ಇತರ ಸಿಬ್ಬಂದಿ ಒಟ್ಟಿಗೆ ಕುಳಿತು, ಒಬ್ಬ ರೋಗಿಯ ನೋವು ತಮ್ಮೊಳಗೆ ಏನು ಮಾಡಿತೆಂಬುದನ್ನು ಹೇಳಿಕೊಳ್ಳುತ್ತಾರೆ. ಅಲ್ಲಿ ತಪ್ಪಿನ ವಿಚಾರಣೆಯಿಲ್ಲ, ಉಪದೇಶವೂ ಇಲ್ಲ. ಅನುಭವ ಗೋಷ್ಠಿಯನ್ನು ಬಲ್ಲ ಸದ್ಭಕ್ತರಿಗೆ ಇದು ಅಪರಿಚಿತವೆನಿಸದು. ಇಂದು ಈ ಪದ್ಧತಿ ಬ್ರಿಟನ್ನಿನ ಆಸ್ಪತ್ರೆಗಳಲ್ಲೂ ನಡೆಯುತ್ತಿದೆ.

ಇನ್ನು ಮನೆಯ ಮಾತು. ರಾತ್ರಿಯೆಲ್ಲ ವಾರ್ಡಿನಲ್ಲಿ ಎಚ್ಚರವಿದ್ದು ಬೆಳಿಗ್ಗೆ ಬಂದ ಸೊಸೆಗೆ ಒಲೆಯ ಮುಂದಿನ ಕೆಲಸ ಕಾದಿರುವ ಮನೆಗಳು ನಮ್ಮ ಭಕ್ತರಲ್ಲೂ ಇವೆ. ಅತ್ತೆಯೋ ಗಂಡನೋ ಅಂದಿನ ರೊಟ್ಟಿ ಬಡಿದರಾಯಿತು. ಬಂಧುಗಳು ಬಂದರೂ ಮಧ್ಯಾಹ್ನದವರೆಗೆ ಆಕೆಯ ಕೋಣೆಯ ಕದ ತಟ್ಟದಿರಲಿ.