ಮಳೆಯೊಳಗಿನ ಮಾತು

ನಮ್ಮ ಮನೆಯಲ್ಲಿ ಒಂದು ಹಳೆಯ ಕ್ಯಾಸೆಟ್ ಇದೆ. ಅದರಲ್ಲಿ ಹಾಡಿಲ್ಲ, ಹರಿಕಥೆಯಿಲ್ಲ. ಇರುವುದು ಅರ್ಧ ಗಂಟೆಯ ಮಳೆ, ಆ ಮಳೆಯೊಳಗೆ ಅಮ್ಮನ ಮಾತು.

1986ರ ಜುಲೈ ತಿಂಗಳು. ತೀರ್ಥಹಳ್ಳಿ ಸೀಮೆಯ ಮಳೆಯನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅಣ್ಣ ಆಗ ಬಹ್ರೇನಿನಲ್ಲಿ ಕೆಲಸದಲ್ಲಿದ್ದ. ಅಮ್ಮನಿಗೆ ಓದು ಬರಹ ಅಷ್ಟಕ್ಕಷ್ಟೆ. ಹೀಗಾಗಿ ಆ ಕಡೆಗೆ ಯಾರಾದರೂ ಹೊರಟರೆ ಅವರ ಕೈಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳದ ಜೊತೆ ಒಂದು ಕ್ಯಾಸೆಟ್ಟೂ ಹೋಗುತ್ತಿತ್ತು. ಅದೇ ನಮ್ಮ ಮನೆಯ ಕಾಗದ.

ಹಿತ್ತಿಲ ಜಗಲಿಗೆ ತಗಡಿನ ಮಾಡು. ಅದರ ಕೆಳಗೆ ಕೂತು ಅಮ್ಮ ಮಾತಾಡುತ್ತಿದ್ದಳು. ಪೇಟಿಯಂಥ ಟೇಪ್ ರೆಕಾರ್ಡರನ್ನು ನಾನು ಮಾರು ದೂರದ ಸ್ಟೂಲಿನ ಮೇಲಿಟ್ಟಿದ್ದೆ. ದನ ಕರು ಹಾಕಿದ್ದು, ಅಡಕೆಗೆ ಕೊಳೆರೋಗ ಬಂದದ್ದು ಎಲ್ಲ ಮುಗಿದ ಮೇಲೆ, ‘ನೀ ಹೋಗಿ ಅಪ್ಪಂಗೆ ಕಾಫಿ ಕೊಡೇ’ ಎಂದು ನನ್ನನ್ನು ಎಬ್ಬಿಸಿದಳು. ಅಪ್ಪ ಹಾಸಿಗೆ ಹಿಡಿದು ಆಗಲೇ ತಿಂಗಳಾಗಿತ್ತು. ನಾನು ಒಳಗೆ ಹೋದ ಮೇಲೆ ಅವಳು ಅಣ್ಣನಿಗೆ ಏನೋ ಹೇಳಿದಳು.

ಅಣ್ಣ ಬರಲಿಲ್ಲ. ಆಗಸ್ಟಿನಲ್ಲಿ ಅಪ್ಪ ತೀರಿಕೊಂಡರು. ನವೆಂಬರಿನಲ್ಲಿ ಬಂದ ಅಣ್ಣ, ‘ಮಳೆ ಸದ್ದಲ್ಲಿ ನೀನು ಬರ್ಬೇಡ ಅಂದ ಹಾಗೆ ಕೇಳ್ತು’ ಎಂದ. ಅಮ್ಮ ಒಂದು ಮಾತೂ ಆಡದೆ ಕೊಟ್ಟಿಗೆಯ ಕಡೆಗೆ ಹೋದಳು. ಅವಳು ಹೇಳಿದ್ದು ‘ಬರ್ಬೇಕು’ ಎಂದೋ ‘ಬರ್ಬೇಡ’ ಎಂದೋ? ಕೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ. 2009ರಲ್ಲಿ ಅವಳೂ ಹೋದಳು.

ಕಳೆದ ಮಳೆಗಾಲದಲ್ಲಿ ಅಣ್ಣನ ಮಗ ಟ್ರಂಕು ಜಾಲಾಡುವಾಗ ಆ ಕ್ಯಾಸೆಟ್ ಸಿಕ್ಕಿತು. ಆ ಕಾಲದಲ್ಲಿ ಒಂದರ ಮೇಲೊಂದು ತುಂಬಿಸುವುದೇ ರೂಢಿ. ಅಣ್ಣ ಇದೊಂದನ್ನು ಮಾತ್ರ ಮುಟ್ಟದೆ ಉಳಿಸಿಕೊಂಡಿದ್ದ. ‘ಬಿಡೋ, ಏನೂ ಕೇಳ್ಸಲ್ಲ ಅದ್ರಲ್ಲಿ’ ಎಂದ. ಆದರೆ ಕಂಪ್ಯೂಟರ್ ಕಲಿತ ಹುಡುಗ ಬಿಡುತ್ತಾನೆಯೇ?

ಮೊದಲು ಅವನು ಮಾಡಿದ್ದು ಮಳೆ ಕಳೆಯುವ ಕೆಲಸ. ಬರಿಯ ಮಳೆಯಿರುವ ಒಂದು ತುಣುಕನ್ನು ಯಂತ್ರಕ್ಕೆ ತೋರಿಸಿ, ಇಂಥದನ್ನೆಲ್ಲ ತೆಗೆ ಎಂದ. ಮಳೆ ನಿಂತಿತು. ಆದರೆ ಅಮ್ಮ ಬಾವಿಯೊಳಗಿಂದ ಮಾತಾಡಿದ ಹಾಗಾಯಿತು. ಮೊದಲು ಗೊತ್ತಾಗುತ್ತಿದ್ದ ನಾಲ್ಕು ಮಾತುಗಳೂ ಹೋದವು! ಗಲಾಟೆ ಹೋದರೆ ಮಾತು ತಾನಾಗಿ ತಿಳಿಯುತ್ತದೆ ಎಂದುಕೊಂಡಿದ್ದ ನನಗೆ ಆಶ್ಚರ್ಯ.

‘ಅತ್ತೆ, ಸ್ವರಕ್ಕೆ ಬಲ ಹೆಚ್ಚು, ವ್ಯಂಜನಕ್ಕೆ ಕಡಿಮೆ’ ಎಂದು ಅವನು ನನಗೇ ವ್ಯಾಕರಣ ಹೇಳಿದ. ಯೋಚಿಸಿದರೆ ನಿಜ. ‘ಬೇ’ ಎನ್ನುವುದನ್ನು ಉಸಿರಿರುವಷ್ಟು ಹೊತ್ತು ಎಳೆಯಬಹುದು. ‘ಕ್’ ಎನ್ನುವುದನ್ನು ಎಳೆಯಿರಿ ನೋಡೋಣ! ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಆದರೆ ಬೇಕು ಬೇಡಗಳ ತೀರ್ಮಾನವಾಗುವುದು ಅಲ್ಲಿಯೇ. ಸ, ಶ, ಕ, ತಗಳ ಸದ್ದು ಮಳೆಯ ಸದ್ದಿನ ನೆಂಟರೇ ಆದ್ದರಿಂದ, ಯಂತ್ರ ಮಳೆಯ ಜೊತೆ ಅವುಗಳನ್ನೂ ಗುಡಿಸಿಹಾಕಿತ್ತು.

ಗದ್ದಲದಲ್ಲಿ ಮನುಷ್ಯರು ತಮಗೆ ತಿಳಿಯದೆಯೇ ದನಿ ಏರಿಸುತ್ತಾರೆಂದು ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯ 1911ರಲ್ಲಿಯೇ ಬರೆದಿದ್ದನಂತೆ. ಅಮ್ಮನೂ ಅಂದು ಕೂಗಿಕೊಂಡೇ ಮಾತಾಡಿದ್ದಾಳೆ. ಆದರೆ ಕೂಗಿದಾಗ ಬಲಿಯುವುದು ಸ್ವರ; ವ್ಯಂಜನ ಹಿಂದೆಯೇ ಉಳಿಯುತ್ತದೆ. ಜಗಲಿಯಲ್ಲಿ ಕೂತಿದ್ದರೆ ನಮಗೆ ಮಾತು ಈ ಕಡೆಯಿಂದ, ಮಳೆ ಮೇಲಿನಿಂದ ಎಂದು ಎರಡು ಕಿವಿಗಳು ಬೇರ್ಪಡಿಸಿ ಕೊಡುತ್ತವೆ. ಆ ರೆಕಾರ್ಡರಿಗೆ ಇದ್ದದ್ದು ಒಂದೇ ಕಿವಿ. ಸಾಲದ್ದಕ್ಕೆ ಸದ್ದಿನ ಮಟ್ಟವನ್ನು ತಾನೇ ಏರಿಸಿ ಇಳಿಸುವ ಜಾಣತನ ಬೇರೆ. ಅಮ್ಮ ಉಸಿರೆಳೆದುಕೊಳ್ಳಲು ನಿಂತಾಗಲೆಲ್ಲ ಅದು ಮಳೆಯನ್ನು ಎತ್ತಿ ಮುಂದೆ ಕೂರಿಸಿದೆ.

ಹುಡುಗ ಈಗ ಮಳೆಯನ್ನು ಇದ್ದ ಹಾಗೆಯೇ ಬಿಟ್ಟ. 300 ಹರ್ಟ್ಸ್‌ಗಿಂತ ಕೆಳಗಿನ ಗುಂಯ್ ಎನ್ನುವ ಸದ್ದನ್ನೆಲ್ಲ ಕತ್ತರಿಸಿದ. ಹಳೆಯ ಟೆಲಿಫೋನುಗಳು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಸಾಗಿಸಿ ಲೋಕದ ವ್ಯವಹಾರವನ್ನೆಲ್ಲ ನಡೆಸಿದವಂತೆ. ಮಾತು ತಿಳಿಯಲು ಅಷ್ಟು ಸಾಕು. ಆಮೇಲೆ 2,000ದಿಂದ 4,000ದ ನಡುವಿನ ಸದ್ದನ್ನು ತುಸು ಎತ್ತಿದ. ಅಬ್ಬರದ ಸ್ವರಗಳನ್ನು ತಗ್ಗಿಸಿ, ಸೊರಗಿದ ವ್ಯಂಜನಗಳನ್ನು ಅವುಗಳ ಸಮಕ್ಕೆ ತಂದ. ದನಿ ಬದಲಾಗದಂತೆ ಮಾತಿನ ವೇಗವನ್ನು ಚೂರು ಇಳಿಸಿದ. ಕಿವಿಗೆ ಇಂಪಾಗಿ ಏನೂ ಇರಲಿಲ್ಲ. ತಗಡು ಕೆರೆದಂಥ ದನಿ. ಆದರೆ ಮಾತು ಬಿಡಿಬಿಡಿಯಾಗಿ ಬರತೊಡಗಿತು. ‘ರೆಕಾರ್ಡರನ್ನ ಅಜ್ಜಿ ಬಾಯಿಂದ ಒಂದು ಗೇಣು ದೂರದಲ್ಲಿ ಇಟ್ಟಿದ್ರೆ ಇಷ್ಟೆಲ್ಲ ಬೇಕಾಗ್ತಾನೇ ಇರ್ಲಿಲ್ಲ ಅತ್ತೆ’ ಎಂದು ನನಗೊಂದು ಬೈಗುಳವೂ ಸಿಕ್ಕಿತು. ಹಿರಿಯರ ಮಾತನ್ನು ಹಿಡಿದಿಡಬೇಕೆನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕೊನೆಯ ತುಣುಕನ್ನು ಹತ್ತಾರು ಸಲ ಹಾಕಿದೆವು. ಹನ್ನೊಂದನೆಯದೋ ಹನ್ನೆರಡನೆಯದೋ ಸಲಕ್ಕೆ ನಾವಿಬ್ಬರೂ ಒಟ್ಟಿಗೇ ತಲೆಯೆತ್ತಿದೆವು.

‘ಅಪ್ಪ ಹೆಚ್ಚು ದಿನ ಇರಲ್ಲ. ನೀ ಬರ್ಬೇಕು ಮಗಾ.’

ಅಣ್ಣ ಬಾಗಿಲ ಬಳಿ ನಿಂತಿದ್ದ. ಯಾವಾಗ ಬಂದನೋ ತಿಳಿಯದು. ನಾನು ನಿಲ್ಲಿಸಲು ಕೈ ಚಾಚಿದೆ.

‘ಇರ್ಲಿ ಬಿಡೇ’ ಎಂದ. ‘ನಂಗೆ ಅವತ್ತೇ ಕೇಳ್ಸಿತ್ತು.’

ಹುಡುಗ ಅಪ್ಪನ ಮುಖವನ್ನೇ ನೋಡಿದ.

‘ಪಾಸ್‌ಪೋರ್ಟು ಕಂಪನಿಯವ್ರ ಹತ್ರ ಇತ್ತು. ಕಾಲು ಹಿಡಿದ್ರೂ ರಜೆ ಕೊಡ್ಲಿಲ್ಲ. ಹಾಗಂತ ಹೇಳಿದ್ರೆ, ಮಗ ಅಲ್ಲಿ ಜೀತಕ್ಕಿದಾನೆ ಅಂತ ಅಮ್ಮ ಕೊರಗ್ತಿದ್ಲು. ಅದಕ್ಕೇ ಮಳೆ ಮೇಲೆ ಹಾಕ್ದೆ. ಮಳೆಗೇನು, ಬೇಜಾರಿಲ್ಲ.’

ಅಮ್ಮನಿಗೆ ಇದು ಗೊತ್ತಿತ್ತೇ? ತಾನು ಆಡಿದ ಮಾತು ಅವಳಿಗೆ ಗೊತ್ತೇ ಇತ್ತು. ಆದರೂ ‘ನಾನು ಹಾಗೆ ಹೇಳಿರಲಿಲ್ಲ’ ಎಂದು ಇಪ್ಪತ್ತಮೂರು ವರ್ಷ ಒಮ್ಮೆಯೂ ಅಣ್ಣನಿಗೆ ಹೇಳಲಿಲ್ಲ. ಮಗನ ಮಾತನ್ನು ಕೇಳಿಸಿಕೊಳ್ಳಲು ಅವಳಿಗೆ ಯಾವ ಯಂತ್ರವೂ ಬೇಕಿರಲಿಲ್ಲವೇನೋ.

ಹುಡುಗ ಸ್ವಲ್ಪ ಹೊತ್ತು ಬಿಟ್ಟು, ‘ಅತ್ತೆ, ಯಾವುದನ್ನ ಇಟ್ಕೊಳ್ಲಿ? ಮಳೆ ಇರೋದಾ, ಮಾತು ಕೇಳೋದಾ?’ ಎಂದ. ಎರಡನ್ನೂ ಇಟ್ಟುಕೋ ಎಂದೆ.