ಕಹಿಗೆ ಅಂಕ
ಹಾಪ್ಸ್ ಹೂ ಬೆಳೆಯುವ ಕೆಂಟ್ ಸೀಮೆ ಆ ತೀರ್ಪುಗಾರನದು. ಇಂಗ್ಲೆಂಡಿನ 'ಬಿಟರ್' ಬಿಯರ್‌ಗೆ ಕಹಿ ಕೊಡುವುದು ಆ ಹೂವೇ. ಸ್ಪರ್ಧೆಯ ಮೇಜಿಗೆ ಗ್ಲಾಸುಗಳು ಬಂದದ್ದು ಉತ್ತರ ಪತ್ರಿಕೆಗಳಂತೆ, ಹೆಸರಿಲ್ಲದೆ, ಬರೀ ನಂಬರು ಹೊತ್ತು. ಸುಮಾರು 12 ಡಿಗ್ರಿ ತಂಪಿನಲ್ಲಿ. ಬಣ್ಣ ನೋಡಿದ, ಮೂಸಿದ, ಒಂದೊಂದೇ ಗುಟುಕು ಕುಡಿದ. ವೈನ್ ಪರೀಕ್ಷಕರಂತೆ ಉಗುಳಲಿಲ್ಲ. ಈ ಕಹಿಯ ಗುಣ ತಿಳಿಯುವುದು ನುಂಗಿದ ಮೇಲೆ. ಕಹಿಯಿದೆಯೆಂದು ಅಂಕ ಕಳೆಯುವಂತಿಲ್ಲ, ಮಾಲ್ಟಿನ ಸಿಹಿಯೊಡನೆ ಅದು ಹೊಂದಿದೆಯೇ ನೋಡಬೇಕು.

ಮೂರನೆಯ ಗ್ಲಾಸಿನಲ್ಲಿ ಹುಳಿ ಇಣುಕಿತು, ಪೀಪಾಯಿಗೆ ಗಾಳಿ ತಗುಲಿ ಕೆಟ್ಟ ಗುರುತು. ಕಡಿಮೆ ಅಂಕ ಬರೆದ. ಚೀಟಿ ಬಿಚ್ಚಿದಾಗ ಅದು ಅವನ ಊರಿನದೇ, ಅಪ್ಪ ಮೆಚ್ಚಿ ಕುಡಿಯುತ್ತಿದ್ದ ಬಿಯರ್! ಪೆನ್ನು ಇನ್ನೂ ಕೈಯಲ್ಲೇ ಇತ್ತು. ಅಂಕಪಟ್ಟಿಯನ್ನು ಒಂದು ಕ್ಷಣ ನೋಡಿದ. ತಿದ್ದಲಿಲ್ಲ.